ಮಾಸು ಯಾರದು?

ನೀಲಗುಂದದ ಮಕ್ಕಳೇ, ಎಮ್ಮೆ ಈದು ಕರು ಎದ್ದು ನಿಂತರೂ ಹಿರಿಯರು ಕೊಟ್ಟಿಗೆ ಬಿಟ್ಟು ಕದಲುವುದಿಲ್ಲ, ನೋಡಿದ್ದೀರಲ್ಲ? ಮಾಸು ಬೀಳಲಿ ಎಂದು ಕಾಯುತ್ತಾರೆ. ನಾವು ಹುಟ್ಟಿದಾಗಲೂ ನಮ್ಮ ಹಿಂದೆಯೇ ಒಂದು ಮಾಸು ಬಂದಿತ್ತು. ಒಂದು ಗೇಣಗಲ, ಸುಮಾರು ಅರ್ಧ ಕಿಲೋ ತೂಕ. ತಾಯಿಯ ರಕ್ತದಿಂದ ಪೋಷಕಾಂಶ, ಆಮ್ಲಜನಕ ಪಡೆದು ಹೊಕ್ಕುಳಬಳ್ಳಿಯ ಮೂಲಕ ನಮಗೆ ಮುಟ್ಟಿಸಿದ್ದು ಅದೇ. ಇಷ್ಟಾದರೂ ಇಬ್ಬರ ರಕ್ತ ಬೆರೆಯುವುದಿಲ್ಲ. ನಡುವೆ ತೆಳ್ಳನೆಯ ಪೊರೆಯಿದೆ.

ಈ ಮಾಸು ಯಾರದು? ತಾಯಿಯದು ಎಂದೇ ಹೆಚ್ಚಿನವರು ಹೇಳುತ್ತಾರೆ. ತಾಯಿಯ ಪಾಲು ಸ್ವಲ್ಪ ಇದೆ, ನಿಜ. ಆದರೆ ಬಹುಪಾಲು ಬೆಳೆಯುವುದು ಕೂಸು ಮೂಡಿದ ಅದೇ ಮೊದಲ ಜೀವಕೋಶದಿಂದ. ಅಂದರೆ ಕೂಸು ತನಗೆ ಬೇಕಾದ ಮಾಸನ್ನು ತಾನೇ ಕಟ್ಟಿಕೊಳ್ಳುತ್ತದೆ! ನನಗೆ ಇದು ಎಷ್ಟು ಸಲ ಓದಿದರೂ ಬೆರಗು. ಹಾಗಾಗಿ ಗಂಡುಕೂಸಿನ ಮಾಸಿನಲ್ಲಿ ಒಂದು ಎಕ್ಸ್, ಒಂದು ವೈ ವರ್ಣತಂತು; ಹೆಣ್ಣುಕೂಸಿನದರಲ್ಲಿ ಎರಡು ಎಕ್ಸ್. ಎರಡರ ಕೆಲಸದ ರೀತಿಯೂ ಕೊಂಚ ಬೇರೆ.

ಹುಟ್ಟುವಾಗ ಗಂಡುಕೂಸು ಸರಾಸರಿ ನೂರು ಗ್ರಾಮಿನಷ್ಟು ಹೆಚ್ಚು ತೂಗುತ್ತದೆ. ಸರಾಸರಿ ಎಂಬುದನ್ನು ಮರೆಯಬೇಡಿ. ನಿಮ್ಮ ತರಗತಿಯಲ್ಲೇ ಹುಡುಗರಿಗಿಂತ ಭಾರವಾಗಿ ಹುಟ್ಟಿದ ಹುಡುಗಿಯರು ಇದ್ದಾರು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 1934ರಿಂದ 1944ರವರೆಗೆ ಹುಟ್ಟಿದವರ ದಾಖಲೆ ತೆರೆದು ನೋಡಿದಾಗ, ಮಾಸಿನ ತೂಕ ಒಂದೇ ಇದ್ದರೂ ಗಂಡುಕೂಸುಗಳು ಹೆಚ್ಚು ಉದ್ದವಿದ್ದವು. ಅಷ್ಟೇ ಮಾಸಿನಿಂದ ಹೆಚ್ಚು ಬೆಳವಣಿಗೆ! ಆದರೆ ಕಷ್ಟಕಾಲಕ್ಕೆಂದು ಉಳಿಯುವುದು ಕಡಿಮೆ. ಆಸ್ಟ್ರೇಲಿಯಾದಲ್ಲಿ ಸಂಶೋಧಕಿ ವಿಕಿ ಕ್ಲಿಫ್ಟನ್ ಮತ್ತು ಸಂಗಡಿಗರು ಉಬ್ಬಸವಿದ್ದ ಗರ್ಭಿಣಿಯರನ್ನು ಗಮನಿಸಿದರು. ಹೆಣ್ಣುಕೂಸುಗಳು ಬೆಳವಣಿಗೆಯ ವೇಗ ತಗ್ಗಿಸಿದವು. ಗಂಡುಕೂಸುಗಳು ಮೊದಲಿನಂತೆಯೇ ಬೆಳೆದವು. ಮುಂಗಾರು ತಡವಾದಾಗ ನಮ್ಮ ಸೀಮೆಯಲ್ಲಿ ಒಬ್ಬ ರೈತ ಅರ್ಧ ಹೊಲ ಬಿತ್ತಿ ಬೀಜ ಉಳಿಸಿಕೊಳ್ಳುತ್ತಾನೆ, ಇನ್ನೊಬ್ಬ ಮಳೆ ಬಂದೇ ಬರುತ್ತದೆಂದು ಇಡೀ ಹೊಲ ಬಿತ್ತುತ್ತಾನೆ. ಹಾಗೆಯೇ ಇದು. ಮತ್ತೊಂದು ತೊಂದರೆ ಎದುರಾದರೆ ಪೆಟ್ಟು ಗಂಡುಕೂಸಿಗೇ ಹೆಚ್ಚು. ದಿನ ತುಂಬದೆ ಹುಟ್ಟಿದಾಗಲೂ ಅದರ ಶ್ವಾಸಕೋಶ ಪಕ್ವವಾಗುವುದು ತುಸು ನಿಧಾನ.

ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲೂ 1934ರಿಂದಲೇ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಅದೇ ಆಸ್ಪತ್ರೆಯಲ್ಲಿ 1990ರ ದಶಕದ ಕೊನೆಗೆ ಆರಂಭವಾದ ಅಧ್ಯಯನದಲ್ಲಿ ಮಾಸನ್ನೂ ತೂಗಿ ಅಳೆದರು. ಇಂಥ ಲೆಕ್ಕಕ್ಕೆ ಹೆರಿಗೆಯ ನಂತರದ ತಕ್ಕಡಿ, ಟೇಪು ಸಾಕು; ಮುಂಚೆಯೇ ಏನನ್ನೂ ತಿಳಿಯಬೇಕಿಲ್ಲ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಮೊದಲೇ ಕೇಳುವುದು, ಹೇಳುವುದು ನಮ್ಮ ದೇಶದಲ್ಲಿ 1994ರ ಕಾನೂನಿನ ಪ್ರಕಾರ ಅಪರಾಧ. ಹೆಣ್ಣು ಬೇಡ ಎನ್ನುವವರಿಂದ ಕೂಸನ್ನು ಕಾಯಲೆಂದೇ ಆ ಕಾನೂನು ಬಂತು. ಸ್ಕ್ಯಾನಿಂಗ್ ಕೇಂದ್ರಗಳ ಗೋಡೆಯ ಮೇಲೆ ಅದರ ಫಲಕ ಇರಲೇಬೇಕು. ಹರಪನಹಳ್ಳಿಗೆ ಹೋದಾಗ ಹುಡುಕಿ ಓದಿ.