ಹೂವಿನ ಅಂಗಗಳು ಮತ್ತು ಕಾರ್ವಿಯ ವಂಶ

ಮುಂಬಯಿಯ ಬೊರಿವಲಿಯಲ್ಲಿರುವ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಗಳಲ್ಲಿ ಕಾರ್ವಿ ಎಂಬ ಪೊದೆಗಿಡವಿದೆ. ಏಳು ವರ್ಷ ಎಲೆಗಳನ್ನಷ್ಟೇ ತಳೆಯುವ ಅದು ಎಂಟನೆಯ ವರ್ಷ ನೇರಳೆ ಹೂಗಳಿಂದ ತುಂಬುತ್ತದೆ. 2008, 2016 ಹಾಗೂ 2024ರಲ್ಲಿ ಹೀಗೆ ಅರಳಿತು. ಒಮ್ಮೆ ಹೂಬಿಟ್ಟ ಗಿಡ ಬೀಜ ಕಟ್ಟಿ ಸಾಯುತ್ತದೆ. ಆದುದರಿಂದ ಅದರ ವಂಶದ ಹೊಣೆಯೆಲ್ಲ ಆ ಹೂಗಳ ಮೇಲಿದೆ.

ಹೂವಿನ ಗಂಡುಭಾಗ ಕೇಸರ. ಅದರ ತುದಿಯ ಪರಾಗಕೋಶದಲ್ಲಿ ಪರಾಗವು ಸಿದ್ಧವಾಗುತ್ತದೆ. ಹೆಣ್ಣುಭಾಗ ಶಲಾಕೆ. ಪರಾಗವನ್ನು ಹಿಡಿಯುವ ಶಲಾಕಾಗ್ರ, ನಡುವಣ ಶಲಾಕಾನಳಿಕೆ, ಬುಡದ ಅಂಡಾಶಯ ಇವು ಅದರ ಮೂರು ಅಂಗಗಳು. ಮಕರಂದಕ್ಕಾಗಿ ಬರುವ ಜೇನುನೊಣದ ಮೈಗಂಟಿದ ಪರಾಗವು ಶಲಾಕಾಗ್ರವನ್ನು ಸೇರುವುದೇ ಪರಾಗಸ್ಪರ್ಶ. ಅಲ್ಲಿ ಪರಾಗಕಣ ಮೊಳೆತು, ಅದರ ನಾಳವು ನಳಿಕೆಯೊಳಗೆ ಇಳಿದು ಅಂಡಾಶಯದಲ್ಲಿರುವ ಅಂಡಕವನ್ನು ಮುಟ್ಟುತ್ತದೆ. ಗಂಡು, ಹೆಣ್ಣು ಕೋಶಗಳು ಕೂಡಿದ ಮೇಲೆ ಅಂಡಕವು ಬೀಜವಾಗಿಯೂ ಅಂಡಾಶಯವು ಕಾಯಿಯಾಗಿಯೂ ಮಾರ್ಪಡುತ್ತವೆ.

ಕಾರ್ವಿಯ ಒಣಗಿದ ಕಾಯಿಗಳು ಮರುವರ್ಷದ ಮೊದಲ ಮಳೆಯ ತೇವಕ್ಕೆ ಸಿಡಿದು ಬೀಜ ಚೆಲ್ಲುತ್ತವೆ. ಇತರ ಗಿಡಗಳ ಹೂ ಕಿತ್ತರೆ ಮತ್ತೆ ಅರಳೀತು. ಕಾರ್ವಿಗೆ ಎರಡನೆಯ ಹೂಗಾಲವಿಲ್ಲ. ಮುಂದೆ 2032ರ ಸುಮಾರಿಗೆ ಗುಡ್ಡ ನೇರಳೆಯಾದಾಗ ನೋಡಹೋದವರು ಕಣ್ತುಂಬ ನೋಡಲಿ. ಹೂವನ್ನು ಗಿಡದಲ್ಲೇ ಬಿಟ್ಟು ಬರಲಿ.