ಟೇಬಲ್ ಟೆನ್ನಿಸ್‌ಗೆ ಸಿಕ್ಕಿದ ಜಾಗಗಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



"ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡಪ್ಪ" ಅಂತ ಸರ್ ಹೇಳಿದ್ದರು. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಮಕ್ಕಳಿಗೆ ಮೊಬೈಲಿನಲ್ಲೇ ಸಿಗುತ್ತಾರೆ. ಹಾಗಾಗಿ ಸರ್ ಅಪ್ಪಣೆ ಪಡೆದು ಬೇರೆ ವಿಷಯ ತಂದಿದ್ದೇನೆ. ಟೇಬಲ್ ಟೆನ್ನಿಸ್ ಪಂದ್ಯಾವಳಿಗಳು ಮೊದಮೊದಲು ಎಂಥ ಜಾಗಗಳಲ್ಲಿ ನಡೆದವು ಎಂಬುದು ಆ ವಿಷಯ.

ಅದಕ್ಕೆ ಕಾರಣ ಇದೆ. ಹೊಸ ಕಟ್ಟಡ ಮುಗಿದ ಮೇಲೆ ನಮ್ಮ ಹಳೆಯ ಹಂಚಿನ ಹಾಲ್ ಏನಾಗಬೇಕು ಎಂಬ ಚರ್ಚೆ ನಡೆಯುತ್ತಿದೆ. ಕೆಡವಿ ಗಾಡಿ ನಿಲ್ಲಿಸಲು ಜಾಗ ಮಾಡೋಣ ಎನ್ನುವವರಿದ್ದಾರೆ. ಮಕ್ಕಳಿಗೆ ಟಿಟಿ ಆಡಲು ಕೊಡಿ ಎಂದು ನಾನು ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಬರೆದೆ. ಗೆಳೆಯನೊಬ್ಬ, "ಅದು ಸಿಟಿಯವರ ಆಟ ಮಾರಾಯ, ಇಂಡೋರ್ ಸ್ಟೇಡಿಯಂ ಬೇಕು" ಎಂದ. ಅವನು ಈಗ ಮೂರನೇ ಸಾಲಿನಲ್ಲಿ ಕೂತಿದ್ದಾನೆ. ಇದು ಅವನಿಗೆ ಕೊಡುವ ಉತ್ತರ ಅಂತಲೇ ಇಟ್ಟುಕೊಳ್ಳಿ.

ಈ ಆಟ ಹುಟ್ಟಿದ್ದು ಇಂಗ್ಲೆಂಡಿನ ಅನುಕೂಲಸ್ಥರ ಮನೆಗಳಲ್ಲಿ, ಊಟದ ಮೇಜಿನ ಮೇಲೆ. ಹೊರಗೆ ಮಳೆ, ಚಳಿ; ಒಳಗೆ ಲಾನ್ ಟೆನ್ನಿಸ್ ಆಡುವ ಆಸೆ. 19ನೇ ಶತಮಾನದ ಕೊನೆಗೆ ಅಂಗಡಿಗಳಲ್ಲಿ ಇದರ ಪೆಟ್ಟಿಗೆಗಳು ಬಂದವು. ಆದರೆ ಆಟ ನಿಜವಾಗಿ ಹಿಡಿದದ್ದು 1900ರ ಹೊತ್ತಿಗೆ, ಸೆಲ್ಯುಲಾಯ್ಡ್ ಚೆಂಡು ಸಿಕ್ಕ ಮೇಲೆ. ಚರ್ಮ ಬಿಗಿದ ಪುಟ್ಟ ತಮಟೆಯಂಥ ಬ್ಯಾಟಿಗೆ ಆ ಚೆಂಡು ತಾಗಿದಾಗ 'ಪಿಂಗ್', ಮೇಜಿಗೆ ಬಡಿದಾಗ 'ಪಾಂಗ್'. ಆ ಸದ್ದನ್ನೇ ಹೆಸರು ಮಾಡಿ ಒಂದು ಕಂಪನಿ ಟ್ರೇಡ್‌ಮಾರ್ಕ್ ಮಾಡಿಸಿಕೊಂಡಿತು.

1901ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ದೊಡ್ಡ ಪಂದ್ಯಾವಳಿಯೊಂದು ನಡೆಯಿತು. ಎಲ್ಲಿ ಗೊತ್ತೇ? ಮೀನಿನ ಮನೆಯಲ್ಲಿ! ವೆಸ್ಟ್‌ಮಿನ್‌ಸ್ಟರ್‌ನ 'ರಾಯಲ್ ಅಕ್ವೇರಿಯಂ' 1876ರಲ್ಲಿ ತೆರೆದ ಕಟ್ಟಡ. ತೊಟ್ಟಿಗಳೇನೋ ಭಾರೀ ಇದ್ದವು, ಮೀನು ಮಾತ್ರ ಸರಿಯಾಗಿ ತುಂಬಲೇ ಇಲ್ಲ. ಬಾಡಿಗೆ ಹುಟ್ಟಬೇಕಲ್ಲ, ಸರ್ಕಸ್ಸಿನಂಥ ಆಟಗಳನ್ನು ಕರೆತಂದರು. 'ಝಾಝೆಲ್' ಎಂಬ ಹೆಸರಿನ ಹುಡುಗಿಯೊಬ್ಬಳನ್ನು 1877ರಲ್ಲಿ ಫಿರಂಗಿಯಂಥ ಯಂತ್ರದಿಂದ ಹಾರಿಸಿ ಜನರನ್ನು ಬೆರಗುಗೊಳಿಸಿದ್ದು ಅಲ್ಲೇ. ಅಂಥ ಕಡೆ ಮೇಜು ಹಾಕಿ ಟೂರ್ನಮೆಂಟ್ ಮಾಡಿದರು. ಅದೇ ತಿಂಗಳು ಎರಡು ಸಂಘಗಳು ಹುಟ್ಟಿದವು, ಒಂದು ಪಿಂಗ್‌ಪಾಂಗ್ ಹೆಸರಿನಲ್ಲಿ, ಇನ್ನೊಂದು ಟೇಬಲ್ ಟೆನ್ನಿಸ್ ಹೆಸರಿನಲ್ಲಿ. ಆಡುವವರಿಗಿಂತ ಅಧ್ಯಕ್ಷರಾಗುವವರ ಆತುರ ಹೆಚ್ಚು ಎಂಬುದು ಎಲ್ಲ ಊರಿನ ಕಥೆ. ಕೆಲವೇ ವರ್ಷಗಳಲ್ಲಿ ಆಟದ ಹುಚ್ಚು ಇಳಿಯಿತು. ಅಕ್ವೇರಿಯಂ ಕಟ್ಟಡವನ್ನೂ 1903ರಲ್ಲಿ ಕೆಡವಿದರು.

ಮುಂದಿನ ಭಾಗ ನನಗೆ ಬಹಳ ಇಷ್ಟ. ಆಟವನ್ನು ಮತ್ತೆ ಎಬ್ಬಿಸಿದವರಲ್ಲಿ ಮುಖ್ಯ ಐವರ್ ಮಾಂಟೆಗು ಎಂಬ ಕೇಂಬ್ರಿಜ್ ಹುಡುಗ. 1926ರಲ್ಲಿ ಅಂತಾರಾಷ್ಟ್ರೀಯ ಫೆಡರೇಷನ್ ಸ್ಥಾಪನೆಯಾಗಿ, ಅದರ ಅಧ್ಯಕ್ಷನಾದಾಗ ಅವನಿಗೆ 22 ವರ್ಷ. ತಂಡಗಳ ಸ್ಪರ್ಧೆಗೆ ಕಪ್ ಕೊಟ್ಟವರು ಅವನ ತಾಯಿ, ಲೇಡಿ ಸ್ವೇತ್ಲಿಂಗ್. ಆ ಡಿಸೆಂಬರಿನಲ್ಲಿ ಲಂಡನ್ನಿನ ಫ್ಯಾರಿಂಗ್‌ಡನ್ ರಸ್ತೆಯ ಮೆಮೋರಿಯಲ್ ಹಾಲ್‌ನಲ್ಲಿ ಪಂದ್ಯಗಳು ನಡೆದವು. ಅದು ಕ್ರೀಡಾಂಗಣವಲ್ಲ. ಹಳೆಯ ಫ್ಲೀಟ್ ಸೆರೆಮನೆ ಇದ್ದ ಜಾಗದಲ್ಲಿ ಚರ್ಚಿನವರು ಕಟ್ಟಿಸಿದ ಸಭಾಂಗಣ. ಈಗಿನ ಲೇಬರ್ ಪಕ್ಷಕ್ಕೆ ಬೀಜ ಬಿದ್ದದ್ದು 1900ರಲ್ಲಿ ಅಲ್ಲೇ ನಡೆದ ಸಭೆಯಲ್ಲಿ. ಭಾಷಣ ಕೇಳುವ ಹಾಲ್‌ನಲ್ಲಿ ಕುರ್ಚಿ ಸರಿಸಿ ಮೇಜು ಹಾಕಿದರು, ಅಷ್ಟೇ.

ಮೊದಲು ಅದಕ್ಕೆ ಇಟ್ಟ ಹೆಸರು ಯುರೋಪಿಯನ್ ಚಾಂಪಿಯನ್‌ಷಿಪ್. ಆದರೆ ಬಂದ ಒಂಬತ್ತು ತಂಡಗಳಲ್ಲಿ ಒಂದು ಯುರೋಪಿನದಾಗಿರಲಿಲ್ಲ. ಅದು ಭಾರತ! ಯಾವ ಸರ್ಕಾರವೂ ಕಳಿಸಿದ ತಂಡವಲ್ಲ; ಲಂಡನ್ನಿನಲ್ಲಿದ್ದ ನಮ್ಮವರೇ ಸೇರಿ ಆಡಿದ್ದು. ಅವರಲ್ಲಿ ಹಸನ್ ಅಲಿ ಫೈಜೀ, ಅಥರ್ ಅಲಿ ಫೈಜೀ ಇಬ್ಬರೂ ಲಾನ್ ಟೆನ್ನಿಸ್‌ನಲ್ಲಿ ಡೇವಿಸ್ ಕಪ್ ಆಡಿದವರು. ಭಾರತೀಯರು ಇದ್ದಾರಲ್ಲ, ಬರೀ ಯುರೋಪ್ ಎಂದರೆ ಹೇಗೆ ಎಂದು ಅದನ್ನು ವಿಶ್ವ ಚಾಂಪಿಯನ್‌ಷಿಪ್ ಎಂದು ಕರೆದರು. ಐದು ಪ್ರಶಸ್ತಿಗಳನ್ನೂ ಹಂಗೇರಿಯವರು ಬಾಚಿಕೊಂಡು ಹೋದರು, ಹೋಗಲಿ. 'ವಿಶ್ವ' ಎಂಬ ಮಾತು ಅದಕ್ಕೆ ಅಂಟಿದ್ದು ನಮ್ಮ ಹುಡುಗರಿಂದ. ಇದು ಸಿಟಿಯವರ ಆಟ, ಫಾರಿನ್‌ನವರ ಆಟ ಅನ್ನುವವರು ಇಷ್ಟನ್ನು ನೆನಪಿಡಬೇಕು.

1936ರಲ್ಲಿ ಪ್ರಾಗ್‌ನಲ್ಲಿ ಇಬ್ಬರು ರಕ್ಷಣೆಯ ಆಟಗಾರರು ಒಂದೇ ಒಂದು ಪಾಯಿಂಟಿಗೆ ಎರಡು ಗಂಟೆಗೂ ಹೆಚ್ಚು ಚೆಂಡು ದಾಟಿಸುತ್ತ ನಿಂತರು. ಆಮೇಲೆ ಬಲೆಯ ಎತ್ತರ ಇಳಿಸಿದರು, ಸಮಯಕ್ಕೂ ಮಿತಿ ಹಾಕಿದರು. 1952ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಮೊದಲ ಬಾರಿ ಏಷ್ಯಾಕ್ಕೆ ಬಂತು, ನಮ್ಮ ಬೊಂಬಾಯಿಗೆ. ಜಪಾನಿನ ಸಾಟೋ ದಪ್ಪ ಸ್ಪಂಜಿನ ಬ್ಯಾಟು ಹಿಡಿದು ಬಂದ. ಸದ್ದು ಕೇಳಿ ಹೊಡೆತ ಅಳೆಯುತ್ತಿದ್ದವರಿಗೆ ಸದ್ದೇ ಕೇಳದಂತಾಯಿತು. ಏಳು ಪ್ರಶಸ್ತಿಗಳಲ್ಲಿ ನಾಲ್ಕು ಜಪಾನಿಗೆ ಹೋದವು.

ಈ ಆಟಕ್ಕೆಂದೇ ಭವ್ಯ ಕಟ್ಟಡಗಳು ಎದ್ದದ್ದು ತೀರ ತಡವಾಗಿ. 1961ರ ಚಾಂಪಿಯನ್‌ಷಿಪ್‌ಗೆ ಬೀಜಿಂಗ್‌ನಲ್ಲಿ ಕಾರ್ಮಿಕರ ಒಳಾಂಗಣ ಕ್ರೀಡಾಂಗಣ ಕಟ್ಟಿದರು, 1975ರದಕ್ಕೆ ಕಲ್ಕತ್ತೆಯಲ್ಲಿ ನೇತಾಜಿ ಒಳಾಂಗಣ ಕ್ರೀಡಾಂಗಣ. ಅಷ್ಟು ಹೊತ್ತಿಗೆ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದು ಸುಮಾರು ಅರ್ಧ ಶತಮಾನ ಕಳೆದಿತ್ತು. ಆಟ ಮೊದಲು ಬೆಳೆಯಿತು, ಸ್ಟೇಡಿಯಂ ಆಮೇಲೆ ಬಂತು.

ಈಗ ನಮ್ಮ ಹಾಲ್‌ಗೆ ಬರೋಣ. ನಿನ್ನೆ ಸಂಜೆ ಟೇಪು ಹಿಡಿದು ಅಳೆದೆ. ಉದ್ದ 50 ಅಡಿ, ಅಗಲ 24 ಅಡಿ. ಅಂತಾರಾಷ್ಟ್ರೀಯ ನಿಯಮ ಕೇಳುವುದು 14 ಮೀಟರ್ ಉದ್ದ, 7 ಮೀಟರ್ ಅಗಲ. ಅಂದರೆ ಸುಮಾರು 46 ಅಡಿ, 23 ಅಡಿ. ಅದು ಸಾಕು. ಎತ್ತರ ಮಾತ್ರ 5 ಮೀಟರ್ ಬೇಕು, ನಮ್ಮಲ್ಲಿ ತೊಲೆ 11 ಅಡಿಗೇ ಬರುತ್ತದೆ. ಹಾಗಾಗಿ ಇಲ್ಲಿ ರಾಜ್ಯಮಟ್ಟದ ಪಂದ್ಯ ನಡೆಯಲಿಕ್ಕಿಲ್ಲ, ಆದರೆ ಕಲಿಯಲು ಯಾವ ಅಡ್ಡಿಯೂ ಇಲ್ಲ. 9 ಅಡಿ ಉದ್ದ, 5 ಅಡಿ ಅಗಲದ ಮೇಜು ಎರಡು ಹಾಕಬಹುದು. ಚೆಂಡಿನ ತೂಕ ಬರೀ 2.7 ಗ್ರಾಂ, ಪಡುವಣ ಕಿಟಕಿಯ ಗಾಳಿಗೇ ಹಾರಿಹೋಗುತ್ತದೆ. ಆ ನಾಲ್ಕು ಕಿಟಕಿಗಳಿಗೆ ಬಾಗಿಲು ಕೂರಿಸಬೇಕು. ಟ್ಯೂಬ್‌ಲೈಟು ಬೇಕು. ಮಳೆಗಾಲಕ್ಕೆ ಮುಂಚೆ ಒಡೆದ ಹಂಚು ಬದಲಾಯಿಸಬೇಕು.

ನಾನು ಮೊದಲ ಸಲ ಟಿಟಿ ಬ್ಯಾಟು ಹಿಡಿದದ್ದು ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ, 18 ವರ್ಷ ಆದ ಮೇಲೆ. ಈಗ ಆಫೀಸಿನ ಕ್ಯಾಂಟೀನ್ ಪಕ್ಕದಲ್ಲಿ ಮೇಜಿದೆ. ಚಿಕ್ಕಂದಿನಲ್ಲೇ ಕಲಿತ ಸಹೋದ್ಯೋಗಿಗಳ ಕೈ ನೋಡಿದರೆ ತಿಳಿಯುತ್ತದೆ, 18ಕ್ಕೆ ಶುರು ಮಾಡಿದವನು ಆಡಬಲ್ಲ, ಆಟಗಾರನಾಗಲಾರ. ಇಲಾಖೆಯ ಕ್ರೀಡಾಕೂಟದ ಪಟ್ಟಿಯಲ್ಲಿ ಟಿಟಿ ಇದೆ. ನನ್ನ ಕಾಲದಲ್ಲಿ ನಮ್ಮ ಶಾಲೆಯಿಂದ ಆ ಪಟ್ಟಿಗೆ ಒಂದು ಹೆಸರೂ ಹೋಗಲಿಲ್ಲ. ಎಂಟನೇ ತರಗತಿಯ ಹೆಣ್ಣುಮಕ್ಕಳು ಸಂಜೆ ಮೈದಾನ ಹುಡುಗರಿಗೆ ಬಿಟ್ಟು ಕಟ್ಟೆ ಮೇಲೆ ಕೂರುವುದನ್ನು ಮೊನ್ನೆಯೂ ನೋಡಿದೆ. ಅವರಿಗೂ ಈ ಹಾಲ್ ಬೇಕು.

ಎರಡು ಮೇಜು, ಬ್ಯಾಟು, ಚೆಂಡು ನಮ್ಮ ಬ್ಯಾಚ್ ಕೊಡುತ್ತದೆ. ಹಣ ಆಗಲೇ ಕೂಡಿದೆ. ಕಿಟಕಿ ಬಾಗಿಲಿಗೆ ಊರಿನ ಬಡಗಿಗಳು ಲೆಕ್ಕ ಕೊಟ್ಟಿದ್ದಾರೆ. ಸಮಿತಿಯವರು ತೀರ್ಮಾನಿಸಬೇಕಾದದ್ದು ಒಂದು, ಹಾಲ್ ಉಳಿಸುವುದು. ಇನ್ನೊಂದು, ಶಾಲೆ ಬಿಟ್ಟ ಮೇಲೆ ಬೀಗದ ಕೈ ಯಾರ ಹತ್ತಿರ ಇರಬೇಕು ಎಂಬುದು. ಪಿಇ ಮೇಷ್ಟ್ರು ಒಪ್ಪಿದರೆ ಅವರ ಬಳಿ, ಇಲ್ಲದಿದ್ದರೆ ಶಾಲೆ ಎದುರಿನ ಅಂಗಡಿ ಅಕ್ಕ ಇಟ್ಟುಕೊಳ್ಳುತ್ತೇನೆ ಎಂದಿದ್ದಾರೆ. ಮುಂದಿನ ಸಭೆಯಲ್ಲಿ ದಯವಿಟ್ಟು ಇವೆರಡನ್ನೂ ಎತ್ತಿಕೊಳ್ಳಿ.