ಬೆಂಗಳೂರಿನ ಬಡಾವಣೆಗಳಿಗೆ ನೀರು ಬಂದ ಬಗೆ



ಮಹಾನಗರಗಳು ಸಾಮಾನ್ಯವಾಗಿ ನದೀತೀರದಲ್ಲಿ ಹುಟ್ಟಿ ಬೆಳೆದವು. ಬೆಂಗಳೂರು ಮಾತ್ರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ, ನಂಬತಕ್ಕ ಜೀವನದಿಯೊಂದೂ ಸಮೀಪದಲ್ಲಿಲ್ಲದೆ, ಕೆರೆಗಳನ್ನು ಕಟ್ಟಿಕೊಂಡು ಬಾಳಿದ ಊರು. ಧರ್ಮಾಂಬುಧಿ, ಸಂಪಂಗಿ, ಹಲಸೂರು ಮೊದಲಾದ ಕೆರೆಗಳೂ, ಮನೆಯ ಹಿತ್ತಿಲಿನ ಬಾವಿಗಳೂ ಪೇಟೆಯ ಜನಕ್ಕೆ ಬಹುಕಾಲ ಸಾಕಾಗಿದ್ದವು. ಆಮೇಲೆ ದಂಡು ಪ್ರದೇಶ ಬೆಳೆದು ನೀರಿನ ಬೇಡಿಕೆಯೂ ಬೆಳೆಯಿತು. ಧಾತು-ಈಶ್ವರ ಸಂವತ್ಸರಗಳ ಘೋರ ಕ್ಷಾಮವು ಕೆರೆಯೂ ಬತ್ತಬಲ್ಲುದೆಂಬುದನ್ನು ಕಣ್ಣಾರೆ ಕಾಣಿಸಿತು. 1882ರಲ್ಲಿ ಎಂಜಿನಿಯರ್ ಸ್ಯಾಂಕಿಯವರ ಹೆಸರಿನ ಕೆರೆ ಸಿದ್ಧವಾಯಿತು. ಆದರೂ ಊರೊಳಗಿನ ಕೆರೆಗೆ ಊರಿನ ಕೊಳೆಯೂ ಹರಿದು ಸೇರುವುದಷ್ಟೆ. ಆದಕಾರಣ ದೂರದ ನೀರನ್ನು ಕೊಳವೆಯಲ್ಲಿ ತರುವ ಯೋಚನೆ ಅನಿವಾರ್ಯವಾಯಿತು.

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, ನಗರದ ವಾಯವ್ಯಕ್ಕಿರುವ ಹೆಸರಘಟ್ಟದಲ್ಲಿ ಅರ್ಕಾವತಿಗೆ ಅಡ್ಡಲಾಗಿ ಕೆರೆಯನ್ನು ವಿಸ್ತರಿಸಿ, ಸೋಲದೇವನಹಳ್ಳಿಯಲ್ಲಿ ಉಗಿಯಂತ್ರಗಳಿಂದ ನೀರನ್ನೆತ್ತಿ, ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ ನಡೆದ ಯೋಜನೆಯಿಂದ 1896ರ ಹೊತ್ತಿಗೆ ಬೆಂಗಳೂರಿಗೆ ಕೊಳಾಯಿ ನೀರು ಬಂದಿತು. ಅದನ್ನು ಕಂಡು ಎಲ್ಲರೂ ಹಿಗ್ಗಲಿಲ್ಲ. ನಲ್ಲಿಯ ನೀರು ಮಡಿಗೆ ಒದಗದೆಂದು ಬಾವಿಯ ರಾಟೆಯನ್ನು ಕೈಬಿಡದ ಮನೆಗಳೂ ಇದ್ದವು; ಕೊಡವನ್ನು ಹೊತ್ತು ಸೊಂಟ ಸೋತ ಹೆಣ್ಣುಮಕ್ಕಳ ಅಭಿಪ್ರಾಯವನ್ನು ಆ ಚರ್ಚೆಯಲ್ಲಿ ಯಾರೂ ಕೇಳಿದಂತೆ ತೋರುವುದಿಲ್ಲ.

ಎರಡೇ ವರ್ಷಗಳಲ್ಲಿ, 1898ರಲ್ಲಿ, ಪ್ಲೇಗು ಬಂದಿತು. ಗಾಳಿಬೆಳಕಿಲ್ಲದ ಪೇಟೆಯ ಓಣಿಗಳಿಂದ ಜನ ಬಯಲಿಗೆ ಓಡಿದರು. ಅದಕ್ಕೆ ಮೊದಲೇ ಯೋಜಿತವಾಗಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ಕೆಲಸವು ಈ ಭಯದಿಂದ ಚುರುಕುಗೊಂಡಿತು. ನೇರವಾದ ಬೀದಿ, ಸಾಲು ನಿವೇಶನ, ಮನೆಗಳ ಹಿಂದೆ ಕೊಳೆ ತೆಗೆಯುವವರು ಓಡಾಡಲು ಕಿರುಗಲ್ಲಿ, ಇವೆಲ್ಲವೂ ಮೊದಲು ನಕ್ಷೆಯಲ್ಲಿ ಮೂಡಿ ಅನಂತರ ನೆಲಕ್ಕಿಳಿದವು. ಆ ಕಾಲದ ಯೋಜಕರನ್ನು ನಾನು ಮೆಚ್ಚುವುದು ಅವರ ವಿಶಾಲವಾದ ರಸ್ತೆಗಳಿಗಾಗಿ ಅಲ್ಲ. ಮನೆಗಿಂತ ಮೊದಲು ಬೀದಿಯನ್ನೂ, ಬೀದಿಯ ಕೆಳಗೆ ಹಾಯಬೇಕಾದುದನ್ನೂ ಯೋಚಿಸಿದ ಕ್ರಮಕ್ಕಾಗಿ.

ಆ ದಿನಗಳಲ್ಲಿ ಕೊಳವೆ ಹಾಕುವುದು ಕಮ್ಮಾರಿಕೆಗೆ ಸಮೀಪವಾದ ಕಸುಬಾಗಿತ್ತು. ಬೀಡುಕಬ್ಬಿಣದ ಕೊಳವೆಯ ಒಂದು ತುದಿ ಬಾಯಗಲಿಸಿಕೊಂಡಿರುತ್ತದೆ. ಇನ್ನೊಂದು ಕೊಳವೆಯ ಕಿರಿತುದಿಯನ್ನು ಅದರೊಳಗೆ ಸೇರಿಸಿ, ಸಂದಿಗೆ ಸೆಣಬಿನ ಹುರಿಯನ್ನು ಬಿಗಿಯಾಗಿ ತುರುಕಿ, ಬಾಯಿಯ ಸುತ್ತ ಜೇಡಿಮಣ್ಣಿನ ಕಟ್ಟೆಯನ್ನು ಮೆತ್ತಿ, ಮೇಲಿನ ಕಿಂಡಿಯಿಂದ ಕರಗಿದ ಸೀಸವನ್ನು ಒಂದೇ ಧಾರೆಯಾಗಿ ಸುರಿಯಬೇಕು. ಹಳ್ಳದಲ್ಲಿ ಹನಿ ನೀರಿದ್ದರೂ ಸೀಸ ಸಿಡಿದು ಮೈ ಸುಡುತ್ತದೆ. ಆರಿದ ಮೇಲೆ ಉಳಿ ಸುತ್ತಿಗೆಗಳಿಂದ ಸುತ್ತಲೂ ಬಡಿದು ಕೂರಿಸಿ, ನೀರು ತುಂಬಿ, ಒತ್ತಡ ಕೊಟ್ಟು, ಎಲ್ಲಿಯೂ ಸೋರದೆಂದು ಕಂಡಮೇಲೆಯೇ ಮಣ್ಣು ಮುಚ್ಚುವುದು. ಇಷ್ಟಾದರೂ ನೀರು ಬಂದಿರುತ್ತಿದ್ದುದು ಬೀದಿಗೆ ಮಾತ್ರ. ಅನೇಕರ ಪಾಲಿಗೆ ಬೀದಿನಲ್ಲಿಯೇ ಬಹುಕಾಲ ಮನೆಯ ನಲ್ಲಿಯಾಗಿತ್ತು.

ಕೊಳವೆ ಉದ್ದವಾದಷ್ಟೂ ನೀರು ಹೆಚ್ಚುವುದಿಲ್ಲ. ಸಾಮಾನ್ಯರಿಗೂ ಹೊಳೆಯುವ ಈ ಸತ್ಯವನ್ನು ಬಡಾವಣೆಯ ಮೇಲೆ ಬಡಾವಣೆ ಬೆಳೆಸುವ ಉತ್ಸಾಹದಲ್ಲಿ ನಗರಗಳು ಮರೆಯುತ್ತವೆ. ಹಳೆಯ ಮುಖ್ಯ ಕೊಳವೆಗೆ ಹೊಸ ಕವಲು ಜೋಡಿಸಿದರೆ ನೀರಿನ ಒತ್ತಡವು ಹಂಚಿಹೋಗಿ, ತಗ್ಗಿನ ಮನೆಯಲ್ಲಿ ನಲ್ಲಿ ಭೋರ್ಗರೆಯುವಾಗ ದಿಣ್ಣೆಯ ಮೇಲಿನ ಮನೆಯಲ್ಲಿ ಬರಿಯ ಗಾಳಿ ಊಳಿಡುತ್ತದೆ. ಇದನ್ನು ಸರಿತೂಗಿಸುವುದಕ್ಕೆಂದೇ ಗಂಟೆಯ ಲೆಕ್ಕದಲ್ಲಿ ಒಂದು ಬೀದಿಗೆ ಬಿಟ್ಟು ಇನ್ನೊಂದಕ್ಕೆ ತಿರುಗಿಸುವ ಪದ್ಧತಿಯೂ, ಅದನ್ನು ನಡೆಸುವ ನೀರುಗಂಟಿಯೂ ಬೇಕಾದರು. ಹಿಂದೆ ಕೆರೆಯ ತೂಬೆತ್ತಿ ಗದ್ದೆಗಳಿಗೆ ಸರದಿಯ ಮೇಲೆ ನೀರು ಹಾಯಿಸುತ್ತಿದ್ದ ಆ ಹಳೆಯ ವೃತ್ತಿಯೇ ಕೈಯಲ್ಲಿ ಉದ್ದನೆಯ ಕಬ್ಬಿಣದ ಕೀಲಿಯನ್ನು ಹಿಡಿದು ಪೇಟೆಗೆ ಬಂದಿತು.

ಇಪ್ಪತ್ತರ ದಶಕದಲ್ಲಿ ಮಳೆ ಕೈಕೊಟ್ಟು ಹೆಸರಘಟ್ಟ ಸೊರಗಿದಾಗ, ಅರ್ಕಾವತಿಗೆ ಕುಮುದ್ವತಿ ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟೆ ಕಟ್ಟಿ, 1933ರಲ್ಲಿ ಚಾಮರಾಜಸಾಗರದ ನೀರನ್ನು ತರಲಾಯಿತು. ಅದೂ ಕಾಲಕ್ರಮದಲ್ಲಿ ಸಾಲದಾಯಿತು. 1964ರಲ್ಲಿ ನೀರು ಮತ್ತು ಒಳಚರಂಡಿಗಳನ್ನು ಒಟ್ಟಾಗಿ ನೋಡಿಕೊಳ್ಳುವ ಮಂಡಳಿ ಏರ್ಪಟ್ಟಿತು. ಹತ್ತು ವರ್ಷಗಳ ಬಳಿಕ, ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಮೆಟ್ಟಿಲುಗಳಲ್ಲಿ ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿ ಕಾವೇರಿಯೇ ಬೆಂಗಳೂರಿಗೆ ಬಂದಳು. ಹೀಗೆ ಬಂದ ನೀರಿನ ಬೆಲೆಯಲ್ಲಿ ಬಹುಪಾಲು ವಿದ್ಯುತ್ತಿನದೇ ಎಂಬುದನ್ನು, ನಲ್ಲಿಯನ್ನು ತಿರುವಿ ಮರೆತು ಹೋಗುವ ನಾವು ಅಪರೂಪಕ್ಕಾದರೂ ನೆನೆಯಬೇಕು.

ಆಮೇಲಿನ ದಶಕಗಳಲ್ಲಿ ಮಲ್ಲೇಶ್ವರದ ಕ್ರಮ ತಲೆಕೆಳಗಾಯಿತು. ಹೊಲಗಳು ನಿವೇಶನಗಳಾದವು, ಮನೆಗಳೆದ್ದವು, ಆಮೇಲೆ ರಸ್ತೆ, ಎಲ್ಲಕ್ಕೂ ಕಡೆಗೆ ಕೊಳವೆ. ನಡುವಣ ಕಾಲವನ್ನು ಬೋರ್‌ವೆಲ್ಲೂ ಟ್ಯಾಂಕರೂ ತುಂಬಿದವು. 2007ರಲ್ಲಿ ಸುತ್ತಲಿನ 110 ಹಳ್ಳಿಗಳು ಮಹಾನಗರ ಪಾಲಿಕೆಯೊಳಗೆ ಸೇರಿದವು. ಅವಕ್ಕಾಗಿ ದಿನಕ್ಕೆ 775 ದಶಲಕ್ಷ ಲೀಟರ್ ತರತಕ್ಕ ಕಾವೇರಿ ಐದನೆಯ ಹಂತದ ಉದ್ಘಾಟನೆಯಾದುದು 2024ರ ಅಕ್ಟೋಬರಿನಲ್ಲಿ. ಅದೇ ವರ್ಷದ ಬೇಸಗೆಯಲ್ಲಿ ಅಲ್ಲಿನ ಬೋರ್‌ವೆಲ್ಲುಗಳು ಒಣಗಿ ಟ್ಯಾಂಕರಿನ ದರ ಗಗನಕ್ಕೇರಿತ್ತು.

ಕಟ್ಟಿಮುಗಿದ ಬೀದಿಗೆ ಕೊಳವೆ ಹಾಕುವುದು ಖಾಲಿ ಬಯಲಿನಲ್ಲಿ ಹಾಕಿದಂತಲ್ಲ. ಅಗೆದಲ್ಲೆಲ್ಲ ವಿದ್ಯುತ್ತಿನ ತಂತಿ, ದೂರವಾಣಿಯ ಕೇಬಲು. ಮೂರು ತಿಂಗಳ ಹಿಂದೆ ಹಾಕಿದ ಡಾಂಬರು. ಕಾಂಪೌಂಡಿನಾಚೆ ಬೀದಿಗೇ ಚಾಚಿಕೊಂಡ ಮೆಟ್ಟಿಲು. ಮುಖ್ಯ ಕೊಳವೆ ಬಾಗಿಲಿಗೆ ಬಂದರೂ, ಅದರಿಂದ ಮೀಟರಿಗೆ ಜೋಡಣೆ ಪಡೆಯಲು ಅರ್ಜಿಯನ್ನೂ ಶುಲ್ಕವನ್ನೂ ಗೃಹಸ್ಥನೇ ಸಲ್ಲಿಸಬೇಕು. ಬಹುಮಹಡಿ ಕಟ್ಟಡಗಳಲ್ಲಿ ಆ ಮೊತ್ತ ದೊಡ್ಡದಾದುದರಿಂದ ನಿವಾಸಿಗಳ ಸಂಘದ ಸಭೆಗಳು ಮುಂದೂಡಲ್ಪಡುತ್ತ, ಬೀದಿಯಲ್ಲಿ ಕಾವೇರಿ ಹರಿಯುತ್ತಿದ್ದರೂ ಗೇಟಿನೊಳಗೆ ಟ್ಯಾಂಕರೇ ಬರುವ ವಿಚಿತ್ರವೂ ಉಂಟು. ಮನೆಯೊಳಕ್ಕೆ ಬಂದ ನೀರಿನ ಹೆಚ್ಚುಭಾಗ ಬಚ್ಚಲಿನಿಂದ ಹೊರಕ್ಕೆ ಹೋಗಲೇಬೇಕು. ಒಳಚರಂಡಿ ತಲಪದ ಬೀದಿಗೆ ನಲ್ಲಿ ಮೊದಲು ಬಂದರೆ ಆ ಬಚ್ಚಲ ನೀರು ಮಳೆನೀರ ಕಾಲುವೆಯನ್ನು ಹಿಡಿದು, ಅಲ್ಲಿಂದ ಇಳಿದು ಪಕ್ಕದ ಕೆರೆಯನ್ನೇ ಸೇರುತ್ತದೆ.